ಐರ್ಲೆಂಡಿನ ಪಶ್ಚಿಮದ ಹಳ್ಳಿನಾಡು: ಬರ್ರೆನ್‌ನಿಂದ ಕಿಲ್ಲರಿಯವರೆಗೆ ಗೆಳೆಯನೊಡನೆ

ಹೇಮಾವತಿ ತೀರ

ಐರ್ಲೆಂಡಿಗೆ ಹೋಗಿಬಂದ ನಮ್ಮವರಲ್ಲಿ ಹೆಚ್ಚಿನವರು ಅಲ್ಲಿನ ಪಶ್ಚಿಮ ಕರಾವಳಿಯನ್ನು ನೋಡಿರುವುದು ಒಂದೇ ಬಗೆಯಲ್ಲಿ. ಡಬ್ಲಿನ್ನಿನಲ್ಲಿ ನಸುಕಿಗೇ ಬಸ್ಸು ಹತ್ತಿ, ದೇಶವನ್ನು ಅಡ್ಡಲಾಗಿ ದಾಟಿ, ಕ್ಲಿಫ್ಸ್ ಆಫ್ ಮೋಹರ್ ಮುಂದೆ ಒಂದೆರಡು ಗಂಟೆ ನಿಂತು, ರಾತ್ರಿಯೊಳಗೆ ಮರಳಿಬಿಡುತ್ತಾರೆ. 214 ಮೀಟರ್ ಎತ್ತರದಿಂದ ಅಟ್ಲಾಂಟಿಕ್ ಸಾಗರಕ್ಕೆ ನೇರವಾಗಿ ಇಳಿಯುವ ಆ ಬಂಡೆಗೋಡೆ ನೋಡತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಹಳ್ಳಿನಾಡು ಇರುವುದು ಆ ಬಸ್ಸು ನಿಲ್ಲದೆ ಹಾದುಹೋಗುವ ಜಾಗಗಳಲ್ಲಿ. ಲಿಮರಿಕ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಬಾಲ್ಯದ ಗೆಳೆಯನೊಡನೆ ಕ್ಲೇರ್ ಕೌಂಟಿಯ ಬರ್ರೆನ್‌ನಿಂದ ಹೊರಟು, ಗಾಲ್ವೇ ದಾಟಿ, ಅದರ ಪಶ್ಚಿಮದ ಕಾನೆಮಾರಾ ಸೀಮೆಯ ಮೂಲಕ ಮೇಯೊ ಕೌಂಟಿಯ ಗಡಿಯವರೆಗೆ ಇತ್ತೀಚೆಗೆ ಸುತ್ತಿಬಂದ ಮೇಲೆ ನನಗೆ ಹೀಗೆ ಅನ್ನಿಸಿದೆ. ಇದನ್ನು ಒಪ್ಪದವರೂ ಇಲ್ಲಿ ಇರಬಹುದು, ಅವರು ಬರೆಯಲಿ.

ಮೊದಲು ಬರ್ರೆನ್. ಹಸಿರು ದೇಶವೆಂದು ಹೆಸರಾದ ಐರ್ಲೆಂಡಿನಲ್ಲಿ ಇದು ಬೂದುಬಣ್ಣದ ನಾಡು. ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬೆಚ್ಚಗಿನ ಕಡಲಿನ ತಳದಲ್ಲಿ ಪದರ ಪದರವಾಗಿ ಕೂಡಿದ ಸುಣ್ಣಕಲ್ಲು, ಹಿಮಯುಗದ ಹಿಮನದಿಗಳು ಉಜ್ಜಿ ಹೋದ ಮೇಲೆ, ಬೆಟ್ಟದ ನೆತ್ತಿಯವರೆಗೂ ಬೋಳಾಗಿ ಚಾಚಿಕೊಂಡಿದೆ. 1651ರಲ್ಲಿ, ಐರ್ಲೆಂಡನ್ನು ಗೆಲ್ಲಲು ಬಂದ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೇನಾಧಿಕಾರಿ ಎಡ್ಮಂಡ್ ಲಡ್ಲೊ ಇಲ್ಲಿಗೆ ಬಂದಾಗ, ಮನುಷ್ಯನನ್ನು ಮುಳುಗಿಸಲು ಬೇಕಾದಷ್ಟು ನೀರಾಗಲಿ, ನೇಣು ಹಾಕಲು ಒಂದು ಮರವಾಗಲಿ, ಹೂಳಲು ಮಣ್ಣಾಗಲಿ ಇಲ್ಲಿಲ್ಲ ಎಂದು ಬರೆದಿಟ್ಟ. ಅನೇಕ ಪ್ರವಾಸಿ ಪುಸ್ತಿಕೆಗಳು ಆತನ ಮಾತನ್ನು ಇಲ್ಲಿಗೇ ನಿಲ್ಲಿಸುತ್ತವೆ. ಆತ ಮುಂದುವರಿದು, ಆದರೂ ಇಲ್ಲಿನ ದನಗಳು ಮೈತುಂಬಿಕೊಂಡಿವೆ, ಬಂಡೆಗಳ ನಡುವಿನ ಹುಲ್ಲು ಅಷ್ಟು ಸೊಗಸಾಗಿದೆ ಎಂದೂ ಬರೆದಿದ್ದಾನೆ. ಕೊಲ್ಲುವ ಲೆಕ್ಕ ಹಾಕುತ್ತಿದ್ದವನ ಕಣ್ಣಿಗೂ ದನದ ಮೈ ಕಂಡಿತಲ್ಲ!

ಬಂಡೆಗಳ ನಡುವೆ ಉದ್ದುದ್ದ ಸೀಳುಗಳಿವೆ. ಬಗ್ಗಿ ನೋಡಿದರೆ ಒಳಗೆ ಜರೀಗಿಡ, ಅದರ ಪಕ್ಕದಲ್ಲಿ ಕಡುನೀಲಿಯ ಜೆನ್ಷಿಯನ್ ಹೂವು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಐದು ಎಸಳು. ಆಲ್ಪ್ಸ್ ಪರ್ವತದ ಹೂವು, ಉತ್ತರಧ್ರುವದ ಕಡೆಯ ಹೂವು, ಮೆಡಿಟರೇನಿಯನ್ ತೀರದ ಗಿಡ, ಇವೆಲ್ಲವೂ ಒಂದೇ ಬಂಡೆಯ ಮೇಲೆ ಬೆಳೆಯುವ ಜಾಗ ಯುರೋಪಿನಲ್ಲಿ ಬೇರೆಡೆ ಸಿಗುವುದು ಕಷ್ಟ. ಇದನ್ನು ಉಳಿಸಿರುವುದು ಬೇಲಿಯಲ್ಲ, ದನ. ಬೇರೆ ದೇಶಗಳಲ್ಲಿ ಬೇಸಿಗೆಗೆ ದನಗಳನ್ನು ಬೆಟ್ಟಕ್ಕೆ ಹತ್ತಿಸಿ ಚಳಿಗಾಲಕ್ಕೆ ಕೆಳಗಿಳಿಸುತ್ತಾರೆ. ಬರ್ರೆನ್ನಿನ ರೈತರು ಚಳಿಗಾಲಕ್ಕೇ ಮೇಲೆ ಹತ್ತಿಸುತ್ತಾರೆ. ಬೇಸಿಗೆಯ ಬಿಸಿಲನ್ನು ಹೀರಿಕೊಂಡ ಸುಣ್ಣಕಲ್ಲು ಚಳಿಗಾಲದಲ್ಲಿ ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಮಳೆನೀರು ನಿಲ್ಲದೆ ಇಂಗಿಹೋಗುವುದರಿಂದ ದನಗಳಿಗೆ ಮಲಗಲು ಒಣನೆಲ ಸಿಗುತ್ತದೆ. ಅವು ಒಣಹುಲ್ಲನ್ನೆಲ್ಲ ಮೇಯ್ದು ಮುಗಿಸುವುದರಿಂದ ವಸಂತದಲ್ಲಿ ಹೂಗಳಿಗೆ ಬೆಳಕು ದಕ್ಕುತ್ತದೆ. ನಡುವೆ ಕೆಲವು ವರ್ಷ ಈ ಪದ್ಧತಿ ಕುಗ್ಗಿದಾಗ ಪೊದೆಗಳು ಹೂವಿನ ಜಾಗವನ್ನು ಆಕ್ರಮಿಸತೊಡಗಿದವಂತೆ. 2005ರಲ್ಲಿ ಆರಂಭವಾದ ಯೋಜನೆಯೊಂದರ ಫಲವಾಗಿ, ಹುಲ್ಲುಗಾವಲು ಎಷ್ಟು ಚೆನ್ನಾಗಿದೆ ಎಂಬುದಕ್ಕೆ ಅಂಕ ಕೊಟ್ಟು, ಆ ಅಂಕದ ಪ್ರಕಾರ ರೈತರಿಗೆ ಹಣ ನೀಡುವ ಕ್ರಮ ಬಂದಿದೆ.

ಪೋಲ್‌ನಬ್ರೋನ್‌ನ ಕಲ್ಗೋರಿಯೂ ಇದೇ ಬಂಡೆನೆಲದ ನಡುವೆ, ಬ್ಯಾಲಿವಾನ್ ಊರಿನ ದಕ್ಷಿಣದ ರಸ್ತೆಯ ಬದಿಗೇ ಇದೆ. 1986ರಲ್ಲಿ ಆರಂಭವಾದ ಉತ್ಖನನದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ದೊರೆತವು. ಅವುಗಳಲ್ಲಿ ಹಳೆಯವು ಕ್ರಿಸ್ತಪೂರ್ವ 3800ರ ಸುಮಾರಿನವು. ಟಿಕೆಟ್ಟೂ ಇಲ್ಲ, ಗದ್ದಲವೂ ಇಲ್ಲ.

ಇನ್ನು ನಾನು ಬರೆಯಲೇಬೇಕಾದ ಮುಖ್ಯ ಸಂಗತಿ. ಕಿಲ್ಲರಿ ಎಂಬುದು ಗಾಲ್ವೇ ಮತ್ತು ಮೇಯೊ ಕೌಂಟಿಗಳ ನಡುವೆ ಸುಮಾರು 16 ಕಿಲೋಮೀಟರ್ ಒಳನುಗ್ಗಿರುವ ಕಡಲಿನ ಚಾಚು. ಎರಡೂ ಬದಿಗೆ ಬೆಟ್ಟ, ಬೆಟ್ಟದ ತುಂಬ ಕುರಿ, ಮನೆಗಳು ಎಲ್ಲೋ ಒಂದೊಂದು. ಸಂಜೆಯ ಓರೆಬಿಸಿಲು ಎದುರುಬದಿಯ ಇಳಿಜಾರಿನ ಮೇಲೆ ಬಿದ್ದಾಗ ಹುಲ್ಲಿನ ಮೇಲೆ ಸಾಲು ಸಾಲಾಗಿ ಗೆರೆಗಳು ಮೂಡಿದವು. ನಾನು ಅದನ್ನು ಮಳೆನೀರು ಹರಿದ ಗುರುತು ಎಂದುಕೊಂಡು ನೋಡುತ್ತಿದ್ದೆ. ಅರಕಲಗೂಡು ತಾಲ್ಲೂಕಿನಲ್ಲಿ ತಲೆತಲಾಂತರದಿಂದ ಆಲೂಗೆಡ್ಡೆ ಬೆಳೆಯುವ ಮನೆಯವನಾದ ಗೆಳೆಯ ಕಾರನ್ನು ಬದಿಗೆ ನಿಲ್ಲಿಸಿ, "ಅದು ಗೆಡ್ಡೆ ಸಾಲು ಕಣೋ, ಬೋದು ಏರಿಸಿದ್ದಾರೆ ನೋಡು" ಎಂದ. ಅವನ ಮಾತು ಸರಿಯೇ ಇತ್ತು. ಅವು 1840ರ ದಶಕದ ಮಹಾಕ್ಷಾಮಕ್ಕೆ ಮುಂಚೆ ಗುದ್ದಲಿಯಿಂದ ಮಾಡಿದ ಆಲೂಗೆಡ್ಡೆಯ ಏರಿಗಳು. ತೆಳುಮಣ್ಣಿನ ಮೇಲೆ ಕಡಲಕಳೆಯನ್ನು ಹೊತ್ತು ತಂದು ಗೊಬ್ಬರವಾಗಿ ಹಾಕಿ, ಎರಡೂ ಬದಿಯ ಹುಲ್ಲುಹೆಂಟೆಯನ್ನು ಮಗುಚಿ ಅದರ ಮೇಲೆ ಹೊದಿಸಿ, ಯಾವ ನೇಗಿಲೂ ಹೋಗದ ಕಡಿದಾದ ಜಾಗದಲ್ಲಿ ಬೆಳೆ ತೆಗೆಯುತ್ತಿದ್ದರು. ಆಮೇಲೆ ಅಲ್ಲಿ ಯಾರೂ ಉಳಲಿಲ್ಲ, ಆದ್ದರಿಂದ ಗೆರೆ ಅಳಿಯಲಿಲ್ಲ.

1845ರಲ್ಲಿ ಅಂಗಮಾರಿ ರೋಗ ಬಂತು, 1846ರಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಬಡವರೆಲ್ಲ ಲಂಪರ್ ಎಂಬ ಒಂದೇ ತಳಿಯನ್ನು ನೆಚ್ಚಿದ್ದರು, ಅದಕ್ಕೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಅದೇ ವರ್ಷಗಳಲ್ಲಿ ದೇಶದಿಂದ ಧಾನ್ಯವೂ ದನವೂ ರಫ್ತಾಗುತ್ತಿದ್ದವು ಎಂಬುದನ್ನು ಮರೆಯಬಾರದು. ಇಡೀ ದ್ವೀಪದಲ್ಲಿ 1841ರಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇವತ್ತು, ಉತ್ತರ ಐರ್ಲೆಂಡನ್ನೂ ಸೇರಿಸಿದರೆ, ಸುಮಾರು 70 ಲಕ್ಷ. ಕ್ಲೇರ್ ಕೌಂಟಿಯೊಂದರಲ್ಲೇ ಆಗ ಸುಮಾರು 2 ಲಕ್ಷ 86 ಸಾವಿರವಿದ್ದ ಜನಸಂಖ್ಯೆ 2022ರ ಗಣತಿಯಲ್ಲಿ ಸುಮಾರು 1 ಲಕ್ಷ 28 ಸಾವಿರ. ನಾವು "ಎಷ್ಟು ಪ್ರಶಾಂತವಾಗಿದೆ" ಎಂದು ಮೆಚ್ಚಿಕೊಳ್ಳುವ ಆ ಬರಿದು ಬೆಟ್ಟಗಳು ಹುಟ್ಟಿನಿಂದ ಬರಿದಾಗಿದ್ದವಲ್ಲ. ಪಶ್ಚಿಮ ಐರ್ಲೆಂಡನ್ನು ಪ್ರಕೃತಿ ಸೌಂದರ್ಯವೆಂದಷ್ಟೇ ನೋಡಿ ಬರುವುದು ಅರ್ಧ ನೋಡಿದಂತೆ ಎಂಬುದು ನನ್ನ ಅಭಿಪ್ರಾಯ.

ತೀರ್ಥಹಳ್ಳಿ ತೋಟದವ

ನಿಮ್ಮ ಗೆಳೆಯರ ಕಣ್ಣಿಗೆ ಶರಣು. ಇದಕ್ಕೆ ಮಲೆನಾಡಿನ ಕಡೆಯಿಂದ ಒಂದು ಕೊಂಡಿ ಸೇರಿಸುತ್ತೇನೆ. ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿದ ಜೀವಿ ಫೈಟಾಫ್ತೊರಾ ಎಂಬ ಕುಲಕ್ಕೆ ಸೇರಿದ್ದು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಅದೇ ಕುಲದ ಇನ್ನೊಂದು ಜಾತಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಆ ನೀಲಿ ನೀರನ್ನು ಫ್ರಾನ್ಸಿನವರು 1880ರ ದಶಕದಲ್ಲಿ ದ್ರಾಕ್ಷಿಗೆಂದು ಕಂಡುಹಿಡಿದದ್ದು. ಐರ್ಲೆಂಡಿನ ರೈತರೂ ಅದನ್ನೇ ಆಲೂಗೆಡ್ಡೆಗೆ ಹೊಡೆಯತೊಡಗಿದರು. ಅಂದರೆ ಮಹಾಕ್ಷಾಮದ ಕಾಲದಲ್ಲಿ ಅವರ ಬಳಿ ಈ ಮದ್ದು ಇರಲೇ ಇಲ್ಲ. ರೋಗಕ್ಕೆ ಕಾರಣ ಒಂದು ಸೂಕ್ಷ್ಮಜೀವಿ ಎಂಬುದನ್ನೇ ಆಗಿನ ವಿದ್ವಾಂಸರಲ್ಲಿ ಬಹುಪಾಲು ಮಂದಿ ಒಪ್ಪಿರಲಿಲ್ಲ. ಮಳೆ ಹೆಚ್ಚಾಗಿ ಗಿಡ ಕೊಳೆಯಿತು ಎಂದೇ ವಾದಿಸುತ್ತಿದ್ದರು.

ಆಷಾಢದಲ್ಲಿ ಮೋಡ ಕವಿದು ಜಡಿಮಳೆ ಹಿಡಿದಾಗ ನಮ್ಮ ಎದೆಯಲ್ಲಿ ಹುಟ್ಟುವ ಅಳುಕು ಏನೆಂಬುದು ಕೊಳೆ ಮದ್ದು ಹೊಡೆಸಿದವರಿಗೇ ಗೊತ್ತು. ಹಾಸನದ ಕಡೆ ಆಲೂಗೆಡ್ಡೆಗೂ ಅದೇ ಹವೆ ಶತ್ರು. ಜಲಂಧರದಿಂದ ತರಿಸಿದ ಬಿತ್ತನೆ ಗೆಡ್ಡೆಗೆ ಹಣ ಸುರಿದು, ಎರಡು ಮೂರು ದಿನದಲ್ಲಿ ಹೊಲವೆಲ್ಲ ಕಪ್ಪಾದದ್ದನ್ನು ಕಂಡ ನೆಂಟರು ನನಗಿದ್ದಾರೆ.

ಹೊಸ ಪ್ರವಾಸಿ

ಲೇಖನ ಚೆನ್ನಾಗಿದೆ. ನಾನೂ ನನ್ನ ಗೆಳತಿಯೂ ಬರುವ ವರ್ಷ ಹೋಗಬೇಕೆಂದಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು. ನಮ್ಮಲ್ಲಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಇದೆ, ಅದು ನಡೆಯುತ್ತದೆಯೆ? ಕಾರು ಓಡಿಸುವ ಅಭ್ಯಾಸ ಊರಿನಲ್ಲಿ ಇದೆ, ಅಲ್ಲಿ ಧೈರ್ಯ ಮಾಡಬಹುದೆ? ಬೆಲ್‌ಫಾಸ್ಟ್ ಕಡೆಗೂ ಹೋಗಿಬರುವ ಆಸೆಯಿದೆ.

ಗಾಲ್ವೇ ಕನ್ನಡತಿ

ನಾನು ಇಲ್ಲಿಯೇ ನೆಲೆಸಿರುವವಳು, ಆದ್ದರಿಂದ ಉತ್ತರಿಸುತ್ತೇನೆ. ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಐರ್ಲೆಂಡಿನದೇ ವೀಸಾ ಪಡೆಯಬೇಕು. ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟೂ ಇಲ್ಲ, ತಪಾಸಣೆಯ ಠಾಣೆಯೂ ಇಲ್ಲ, ದಾಟಿದ್ದೇ ತಿಳಿಯದಂತೆ ರಸ್ತೆ ಮುಂದುವರಿಯುತ್ತದೆ. ಹಾಗೆಂದು ಬರಿಯ ಐರಿಷ್ ವೀಸಾದ ಮೇಲೆ ದಾಟಿದರೆ ಅದು ಕಾನೂನುಬಾಹಿರ. ಭಾರತೀಯರಿಗೆ ಬ್ರಿಟಿಷ್-ಐರಿಷ್ ವೀಸಾ ವ್ಯವಸ್ಥೆ ಎಂಬ ಒಂದು ಅನುಕೂಲವಿದೆ. ಅದರ ಮುದ್ರೆ ಇರುವ ವೀಸಾ ಸಿಕ್ಕರೆ ಎರಡೂ ಕಡೆ ಓಡಾಡಬಹುದು. ಅರ್ಜಿ ಹಾಕುವ ಮುನ್ನ ಅದರ ನಿಯಮಗಳನ್ನು ಅಧಿಕೃತ ತಾಣದಲ್ಲೇ ಓದಿಕೊಳ್ಳಿ.

ವಾಹನ ಇಲ್ಲಿಯೂ ರಸ್ತೆಯ ಎಡಬದಿಗೇ ಓಡುತ್ತದೆ, ಆದ್ದರಿಂದ ನಮ್ಮವರಿಗೆ ಅರ್ಧ ಕಷ್ಟ ಕಡಿಮೆ. ಉಳಿದ ಅರ್ಧ ಕಷ್ಟ ಹಳ್ಳಿರಸ್ತೆಯ ಅಗಲದ್ದು. ಎರಡೂ ಕಡೆ ಕಲ್ಲಿನ ಪಾಗಾರ, ಡಾಂಬರಿನ ನಡುವೆಯೇ ಹುಲ್ಲು ಬೆಳೆದಿರುತ್ತದೆ, ತಿರುವಿನಲ್ಲಿ ಎದುರಿಗೆ ಟ್ರಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಿ ಅಗಲವಿರುವ ಕಡೆ ನಿಲ್ಲಲೇಬೇಕು. ದಾರಿ ಬಿಟ್ಟವರಿಗೆ ಸ್ಟಿಯರಿಂಗ್ ಮೇಲಿನ ಒಂದು ಬೆರಳನ್ನಷ್ಟೇ ಎತ್ತಿ ವಂದಿಸುವುದು ಇಲ್ಲಿನ ರೂಢಿ, ನೀವೂ ಎತ್ತಿ. ಇಂಥ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು 2025ರ ಫೆಬ್ರುವರಿಯಲ್ಲಿ ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿಸಲಾಗಿದೆ. ಬಾಡಿಗೆ ಕಾರಿಗೆ ಬಹಳಷ್ಟು ಕಂಪನಿಗಳು ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತವೆ, ಗೇರ್ ಇಲ್ಲದ ಕಾರಿಗೆ ಬಾಡಿಗೆ ಹೆಚ್ಚು. ಕಾರೇ ಬೇಡವೆಂದರೆ ಡಬ್ಲಿನ್ನಿನಿಂದ ಗಾಲ್ವೇಗೆ ಎರಡೂವರೆ ಗಂಟೆಯ ರೈಲಿದೆ. ಅಲ್ಲಿಂದ ಬಸ್ ಏರನ್ ಸಂಸ್ಥೆಯ 350ನೇ ಬಸ್ಸು ಬ್ಯಾಲಿವಾನ್, ಲಿಸ್ಡೂನ್‌ವಾರ್ನ, ಡೂಲಿನ್ ಮೂಲಕ ಮೋಹರ್‌ಗೆ ಹೋಗುತ್ತದೆ. ಮೋಹರ್ ಬಳಿಯ ಕರಾವಳಿ ಕಾಲುದಾರಿಯ ಹಲವು ಭಾಗಗಳನ್ನು ಸಾವುನೋವುಗಳ ನಂತರ 2024ರಲ್ಲಿ ಮುಚ್ಚಿದರು. ಯಾವ ಭಾಗ ತೆರೆದಿದೆ ಎಂದು ವಿಚಾರಿಸಿಯೇ ನಡೆಯಿರಿ, ಅಂಚಿಗೆ ಹೋಗಬೇಡಿ. ಅಲ್ಲಿನ ಗಾಳಿ ತಮಾಷೆಯಲ್ಲ.

ಊಟದ ವಿಷಯ. ಸೋಡಾ ಬ್ರೆಡ್ಡು ಮತ್ತು ಅದರ ಮೇಲಿನ ಬೆಣ್ಣೆಯೊಂದರಿಂದಲೇ ನಾನು ಎಷ್ಟೋ ಹೊತ್ತು ಕಳೆದಿದ್ದೇನೆ. ಆಲೂಗೆಡ್ಡೆಯನ್ನು ಕೋಸು ಅಥವಾ ಕೇಲ್ ಸೊಪ್ಪಿನೊಡನೆ ಕಿವುಚಿ ಮಾಡುವ ಕಾಲ್‌ಕ್ಯಾನನ್ ರುಚಿಯಾಗಿರುತ್ತದೆ, ಕೆಲವೆಡೆ ಅದಕ್ಕೆ ಮಾಂಸವನ್ನೂ ಸೇರಿಸುತ್ತಾರೆ, ಕೇಳಿಕೊಳ್ಳಿ. ತರಕಾರಿ ಸೂಪು ಎಂದು ಬರೆದಿದ್ದರೂ ಕೋಳಿಯ ಸಾರಿನಲ್ಲಿ ಮಾಡಿರುವುದುಂಟು. ಬೆಳಗಿನ ತಿಂಡಿಯ ತಟ್ಟೆಯಲ್ಲಿ ಬರುವ ಬ್ಲ್ಯಾಕ್ ಪುಡಿಂಗ್ ಸಿಹಿತಿಂಡಿಯಲ್ಲ, ಅದು ಹಂದಿಯ ರಕ್ತದಿಂದ ಮಾಡಿದ್ದು. ಹಳ್ಳಿಯ ಪಬ್ಬುಗಳಲ್ಲಿ ಸಂಗೀತ ರಾತ್ರಿಯೆಲ್ಲ ನಡೆದರೂ ಅಡುಗೆಮನೆ ಬೇಗ ಮುಚ್ಚುತ್ತದೆ. ಊಟ ಮೊದಲು, ಪಿಟೀಲು ಆಮೇಲೆ.

ಬಯಲುಸೀಮೆ

ಹೇಮಾವತಿ ತೀರ ಅವರ ಬರವಣಿಗೆಯ ಬಗ್ಗೆ ಗೌರವವಿದೆ. ಆದರೆ ಒಂದು ದಿನದ ಬಸ್ಸಿನ ಪ್ರವಾಸವನ್ನು ಅವರು ತೀರ ಹಗುರವಾಗಿ ಕಂಡಿದ್ದಾರೆ. ನಾನು ಎಪ್ಪತ್ತು ದಾಟಿದ ತಂದೆ-ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ದಿನಕ್ಕೊಂದು ಊರು, ದಿನಕ್ಕೊಂದು ಹಾಸಿಗೆ, ಪ್ರತಿ ಸಲ ಪೆಟ್ಟಿಗೆ ಎತ್ತಿ ಇಳಿಸುವುದು ಅವರಿಂದ ಆಗುವ ಕೆಲಸವಲ್ಲ. ಡಬ್ಲಿನ್ನಿನ ಒಂದೇ ಕೋಣೆಯಲ್ಲಿದ್ದುಕೊಂಡು ಬೆಳಿಗ್ಗೆ ಹೋಗಿ ರಾತ್ರಿ ಬಂದದ್ದರಿಂದಲೇ ಅವರು ಅಟ್ಲಾಂಟಿಕ್ ಸಾಗರವನ್ನು ಕಣ್ತುಂಬ ನೋಡಿದರು. ನಮ್ಮ ಬಸ್ಸಿನ ಚಾಲಕರೇ ದಾರಿಯುದ್ದಕ್ಕೂ ಕ್ಷಾಮದ ಕಥೆಯನ್ನೂ ಹೇಳಿದರು, ನಡುನಡುವೆ ಹಾಡಿದರು ಕೂಡ. ನಿಧಾನವಾಗಿ ನೋಡುವುದಕ್ಕೆ ರಜೆ ಬೇಕು, ಹಣ ಬೇಕು, ಕಾಲಿನಲ್ಲಿ ಕಸುವು ಬೇಕು. ಇವು ಮೂರೂ ಒಟ್ಟಿಗೆ ಇರುವವರು ಇಲ್ಲಿ ಎಷ್ಟು ಮಂದಿ?

ಹೇಮಾವತಿ ತೀರ

ಬಯಲುಸೀಮೆಯವರ ಮಾತನ್ನು ಹಿರಿಯರ ಮಟ್ಟಿಗೆ ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ದಿನಕ್ಕೊಂದು ಊರು ಬದಲಿಸುವ ಪ್ರವಾಸವನ್ನಲ್ಲ, ಅದಕ್ಕೆ ತದ್ವಿರುದ್ಧವಾದದ್ದನ್ನು. ಶ್ಯಾನನ್ ವಿಮಾನ ನಿಲ್ದಾಣದಿಂದ ಬರ್ರೆನ್ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಡಬ್ಲಿನ್ನಿನ ಬದಲು ಬ್ಯಾಲಿವಾನ್ ಅಥವಾ ಕಿಲ್ಲರಿಯ ದಡದ ಲೀನಾನ್‌ನಂಥ ಒಂದೇ ಹಳ್ಳಿಯಲ್ಲಿ ಕೋಣೆ ಹಿಡಿದರೆ ಪೆಟ್ಟಿಗೆ ಎತ್ತುವುದೂ ತಪ್ಪುತ್ತದೆ, ದಿನಕ್ಕೆ ಆರೇಳು ಗಂಟೆ ಬಸ್ಸಿನಲ್ಲಿ ಕೂರುವುದೂ ತಪ್ಪುತ್ತದೆ. ಲೀನಾನ್‌ನಿಂದ ಉತ್ತರಕ್ಕೆ ಹೋದರೆ ಡೂಲೊಕ್ ಕಣಿವೆ ಸಿಗುತ್ತದೆ. 1849ರ ಮಾರ್ಚ್‌ನಲ್ಲಿ, ಪರಿಹಾರ ಪಡೆಯಲು ಅಧಿಕಾರಿಗಳ ಮುಂದೆ ಹಾಜರಾಗಬೇಕೆಂದು ಲೂಯಿಸ್‌ಬರ್ಗ್‌ನಿಂದ ಡೆಲ್ಫಿ ಬಂಗಲೆಯವರೆಗೆ ಹಸಿದ ಜನರನ್ನು ಚಳಿಯಲ್ಲಿ ನಡೆಸಿದ ದಾರಿ ಅದು. ಅನೇಕರು ದಾರಿಯಲ್ಲೇ ಸತ್ತರು. ಈಗ ರಸ್ತೆಬದಿಗೆ ಒಂದು ಕಲ್ಲಿನ ಶಿಲುಬೆಯಿದೆ, ಕೆಳಗೆ ಕಪ್ಪು ನೀರಿನ ಸರೋವರ. ಕಾರಿನಿಂದ ಇಳಿಯಲಾಗದವರೂ ನೋಡಬಹುದಾದ ಜಾಗ.

ಕೈಲ್‌ಮೋರ್ ಅಬೆ ಎಂಬ ಸನ್ಯಾಸಿನಿಯರ ಮಠವೂ ಅಲ್ಲಿಂದ ಹತ್ತಿರ. ಶ್ರೀಮಂತ ಮಿಚೆಲ್ ಹೆನ್ರಿ ಕಟ್ಟಿಸಿದ ಆ ಬಂಗಲೆಯನ್ನು 1920ರಲ್ಲಿ ಬೆನೆಡಿಕ್ಟೀನ್ ಸನ್ಯಾಸಿನಿಯರು ಕೊಂಡು ಶಾಲೆ ನಡೆಸಿದರು. ಕ್ರಿಕೆಟ್ ಪ್ರಿಯರಿಗೊಂದು ಮಾತು: ನವಾನಗರದ ಮಹಾರಾಜ ರಣಜಿತ್‌ಸಿಂಹಜಿ 1924ರಲ್ಲಿ ಕಾನೆಮಾರಾದ ಬ್ಯಾಲಿನಹಿಂಚ್ ಬಂಗಲೆಯನ್ನು ಕೊಂಡಿದ್ದರು. ಮೀನು ಹಿಡಿಯುವ ಹುಚ್ಚಿಗಾಗಿಯೇ ಅಷ್ಟು ದೂರ! ಅವರ ಮನೆತನದ ಹುಡುಗಿಯರು ಕೈಲ್‌ಮೋರ್ ಶಾಲೆಯಲ್ಲಿ ಓದಿದರು.

ಕುಪ್ಪಳಿ ದಾರಿ

ಗಾಲ್ವೇಯ ದಕ್ಷಿಣಕ್ಕಿರುವ ಕೂಲ್ ಪಾರ್ಕನ್ನು ಯಾರೂ ಹೆಸರಿಸಿಲ್ಲವಲ್ಲ. 1924ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಸಲಹೆ ಕೊಟ್ಟ ಜೇಮ್ಸ್ ಕಸಿನ್ಸ್ ಐರಿಷ್ ಕವಿ, ಬೆಲ್‌ಫಾಸ್ಟಿನವರು. 1915ರಲ್ಲಿ ಭಾರತಕ್ಕೆ ಬರುವ ಮುನ್ನ ಅವರು ಡಬ್ಲಿನ್ನಿನಲ್ಲಿ, ಯೇಟ್ಸ್ ಮತ್ತು ಲೇಡಿ ಗ್ರೆಗರಿ ಅವರಿದ್ದ ಸಾಹಿತ್ಯ ಚಳವಳಿಯಲ್ಲಿ ಇದ್ದವರು. ಇಂಗ್ಲಿಷಿನ ನೆರಳಿನಲ್ಲಿ ತಮ್ಮದೇ ಕಥೆ, ತಮ್ಮದೇ ದನಿ ಯಾವುದೆಂದು ಹುಡುಕುತ್ತಿದ್ದ ಆ ಬಳಗದ ಮುಖ್ಯ ತಾಣವಾಗಿತ್ತು ಲೇಡಿ ಗ್ರೆಗರಿಯವರ ಕೂಲ್ ಮನೆ. ಮನೆಯನ್ನು 1941ರಲ್ಲಿ ಕೆಡವಿಬಿಟ್ಟರು. ಅತಿಥಿಗಳು ಹೆಸರಿನ ಅಕ್ಷರಗಳನ್ನು ಕೆತ್ತಿದ ಬೀಚ್ ಮರ ಉಳಿದಿದೆ. ಬೇಲಿಯ ಹೊರಗಿನಿಂದ ಯೇಟ್ಸ್, ಷಾ, ಸಿಂಜ್ ಅವರ ಅಕ್ಷರಗಳನ್ನು ಹುಡುಕಬಹುದು, ತೊಗಟೆ ಬೆಳೆದು ಕೆಲವು ಹಿಗ್ಗಿ ಹೋಗಿವೆ. ಕುವೆಂಪು ಓದಿದವರು ಐರ್ಲೆಂಡಿನಲ್ಲಿ ಎಲ್ಲಿಗಾದರೂ ಹೋಗಬೇಕೆಂದರೆ ನಾನು ಇಲ್ಲಿಗೇ ಕಳುಹಿಸುತ್ತೇನೆ.

ಗಾಲ್ವೇ ಕನ್ನಡತಿ

ಕೂಲ್‌ನ ಸರೋವರವನ್ನೂ ಸೇರಿಸಿಕೊಳ್ಳಿ. ಸುಣ್ಣಕಲ್ಲಿನ ನೆಲವಾದ್ದರಿಂದ ಇಲ್ಲಿನ ಸರೋವರಗಳು ಮಳೆಗಾಲದಲ್ಲಿ ನೆಲದಡಿಯಿಂದ ಉಕ್ಕಿ ತುಂಬುತ್ತವೆ, ಬೇಸಿಗೆಯಲ್ಲಿ ಅದೇ ಬಿರುಕುಗಳಲ್ಲಿ ಇಂಗಿ ಮೇವಿನ ಬಯಲಾಗುತ್ತವೆ. ಇವನ್ನು ಟರ್ಲಾಕ್ ಎನ್ನುತ್ತಾರೆ. ನೀರು ಎಲ್ಲಿಯವರೆಗೆ ಏರಿತ್ತೆಂಬುದು ಗೋಡೆಕಲ್ಲುಗಳ ಮೇಲಿನ ಕಪ್ಪು ಹಾವಸೆಯಿಂದ ತಿಳಿಯುತ್ತದೆ.

ಮತ್ತೊಂದು ಮಾತು: ಕಲ್ಲಿನ ಪಾಗಾರದ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳಬೇಡಿ. ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲುಗಳವು, ಗಾಳಿ ಹಾದುಹೋಗಲೆಂದೇ ಸಂದು ಬಿಟ್ಟಿರುತ್ತಾರೆ. ಕೆಲವೆಡೆ ಗೇಟು ಕೂಡ ಇರುವುದಿಲ್ಲ. ದನ ಹೋಗಬೇಕಾದಾಗ ರೈತ ಅಷ್ಟು ಕಲ್ಲನ್ನು ಇಳಿಸಿ ಮತ್ತೆ ಕಟ್ಟುತ್ತಾನೆ. ಈ ಕಟ್ಟುವ ಕಲೆಯ ಯುನೆಸ್ಕೊ ಪಟ್ಟಿಗೆ 2024ರಲ್ಲಿ ಐರ್ಲೆಂಡೂ ಸೇರಿತು.

ಹೊಸ ಪ್ರವಾಸಿ

ಎಲ್ಲರಿಗೂ ಧನ್ಯವಾದ. ವೀಸಾ ವಿಷಯ ತಿಳಿದದ್ದು ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು ಪ್ರಶ್ನೆ: ಯಾವ ತಿಂಗಳು ಸರಿ? ಆ ಬೋದಿನ ಸಾಲು ಎಲ್ಲ ಕಾಲದಲ್ಲೂ ಕಾಣುತ್ತದೆಯೆ?

ಹೇಮಾವತಿ ತೀರ

ನೀಲಿ ಜೆನ್ಷಿಯನ್ ಹೂವು ನೋಡಬೇಕೆಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ ಹೋಗಿ. ಜೂನ್‌ನಲ್ಲಿ ಪಶ್ಚಿಮ ತೀರದಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಜೊತೆಗೆ ಜನಜಂಗುಳಿಯೂ ಇರುತ್ತದೆ. ದನಗಳನ್ನು ಬೆಟ್ಟಕ್ಕೆ ಹತ್ತಿಸುವುದನ್ನು ನೋಡುವ ಆಸೆಯಿದ್ದರೆ ಅಕ್ಟೋಬರ್ ಕೊನೆಯ ವಾರ ಬರ್ರೆನ್ನಿನಲ್ಲಿರಿ. ಊರವರೊಡನೆ ಪ್ರವಾಸಿಗಳೂ ದನದ ಹಿಂದೆ ನಡೆಯುವ ಹಬ್ಬವೇ ಆಗ ನಡೆಯುತ್ತದೆ. ಮಳೆ ಯಾವ ತಿಂಗಳಲ್ಲಾದರೂ ಬರಬಹುದು, ಕೊಡೆ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆಮುಚ್ಚುವ ಮಳೆಯಂಗಿ ಇರಲಿ. ಗೆಡ್ಡೆ ಸಾಲುಗಳಿಗೆ ಕಾಲಕ್ಕಿಂತ ಹೊತ್ತು ಮುಖ್ಯ. ನಡುಮಧ್ಯಾಹ್ನ ನೋಡಿದರೆ ಬರಿಯ ಹುಲ್ಲು ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ, ಲೀನಾನ್‌ನಿಂದ ಕಿಲ್ಲರಿಯ ಅಂಚಿನಲ್ಲಿ ಸಾಗುತ್ತ ಎದುರುಬದಿಯ ಬೆಟ್ಟವನ್ನು ನೋಡಿ. ದಕ್ಷಿಣ ದಡದಲ್ಲಿ, ಕ್ಷಾಮದ ವರ್ಷಗಳಲ್ಲಿ ಕೂಲಿಗಾಗಿ ಹಸಿದವರಿಂದ ಮಾಡಿಸಿದ ಹಳೆಯ ಹಸಿರು ದಾರಿಯೂ ಇದೆ, ಅದರಲ್ಲಿ ನಡೆದೇ ಹೋಗಬೇಕು, ಬೂಟು ಗಟ್ಟಿಯಾಗಿರಲಿ.